ರಿಪೋರ್ಟ್ ನಾರ್ಮಲ್, ಸುಸ್ತು ಮಾತ್ರ ಹೋಗಿಲ್ಲ

'ಕೋವಿಡ್ ಬಂದು ಹೋಗಿ ವರ್ಷ ದಾಟಿತು. ರಕ್ತ, ಇಸಿಜಿ, ಎದೆಯ ಸ್ಕ್ಯಾನ್ ಎಲ್ಲಾ ನಾರ್ಮಲ್. ಆದರೂ ತಲೆಸ್ನಾನ ಮಾಡಿದರೆ ಮಾರನೇ ದಿನ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ. ಎಲ್ಲಾ ನಿನ್ನ ಮನಸ್ಸಿನದು ಅನ್ನುತ್ತಾರೆ ಮನೆಯವರು. ನಾನು ಹುಷಾರಾಗುತ್ತೇನೋ ಇಲ್ಲವೋ, ಅಷ್ಟು ಹೇಳಿ' ಎಂದು ಓದುಗರೊಬ್ಬರು ಕೇಳಿದ್ದಾರೆ.

ಸಂಪಾದಕರ ಉತ್ತರ:

ಖಂಡಿತ ಹುಷಾರಾಗುತ್ತೀರಿ ಎಂದು ಬರೆಯಲು ಕೈ ತುಡಿಯುತ್ತಿದೆ. ಆದರೆ ಅದಕ್ಕೆ ಆಧಾರವಿಲ್ಲ. ಕೆಲವರು ಕೆಲವೇ ತಿಂಗಳಲ್ಲಿ ಚೇತರಿಸಿಕೊಂಡರು. 2020ರಲ್ಲಿ ಮಲಗಿದ ಕೆಲವರು ಇನ್ನೂ ಪೂರ್ತಿ ಎದ್ದಿಲ್ಲ. ನಿಮ್ಮದು ಯಾವ ದಾರಿ ಎಂದು ಮೊದಲೇ ಹೇಳುವ ಪರೀಕ್ಷೆ ಯಾವುದೂ ಇಲ್ಲ.

'ಮನಸ್ಸಿನದು' ಎಂಬ ಮಾತನ್ನು ಮಾತ್ರ ಒಪ್ಪಿಕೊಳ್ಳಬೇಡಿ. ಸೋಂಕು ತಗುಲಿ 3 ತಿಂಗಳಾದರೂ ಉಳಿದ, ಕನಿಷ್ಠ 2 ತಿಂಗಳು ಕಾಡಿದ, ಬೇರೆ ಕಾಯಿಲೆಯ ಲೆಕ್ಕಕ್ಕೆ ಸಿಗದ ತೊಂದರೆಯನ್ನು, ಅಂದರೆ ಜನ 'ಲಾಂಗ್ ಕೋವಿಡ್' ಅನ್ನುವುದನ್ನು, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಗುರುತಿಸಿದೆ. ರಿಪೋರ್ಟ್ ನಾರ್ಮಲ್ ಅಂದರೆ ಆ ಪರೀಕ್ಷೆ ಹುಡುಕಿದ್ದು ಸಿಗಲಿಲ್ಲ, ಅಷ್ಟೇ. ಮಲಗಿಸಿ ತೆಗೆದ ಇಸಿಜಿಗೆ ನೀವು ಎದ್ದು ನಿಂತಾಗಿನ ಎದೆಬಡಿತ ಹೇಗೆ ಗೊತ್ತಾಗಬೇಕು? ನಿಂತ 10 ನಿಮಿಷದೊಳಗೆ ಬಡಿತ ನಿಮಿಷಕ್ಕೆ 30ರಷ್ಟೋ ಅದಕ್ಕಿಂತ ಜಾಸ್ತಿಯೋ ಏರಿ, ಬಿಪಿ ಇಳಿಯದಿದ್ದರೆ ಅದು 'ಪಾಟ್ಸ್' (POTS) ಎಂಬ ತೊಂದರೆ ಇರಬಹುದು. ಲಾಂಗ್ ಕೋವಿಡ್ ಇರುವವರಲ್ಲಿ ಕೆಲವರಿಗೆ ಇದು ಇರುತ್ತದೆ, ತಕ್ಕಮಟ್ಟಿಗೆ ಹತೋಟಿಗೂ ಬರುತ್ತದೆ. ನನ್ನನ್ನು ನಿಲ್ಲಿಸಿ ಎದೆಬಡಿತ, ಬಿಪಿ ಒಮ್ಮೆ ನೋಡಿ ಎಂದು ಡಾಕ್ಟರನ್ನು ಕೇಳಿ.

ಇನ್ನು ಸ್ನಾನದ ವಿಷಯ. ಈ ಕಾಯಿಲೆಯಲ್ಲಿ ದಣಿವು ಸಾಲ ಇದ್ದ ಹಾಗೆ. ಇವತ್ತು ಖರ್ಚು ಮಾಡಿದ್ದಕ್ಕೆ ನಾಳೆಯೋ ನಾಡಿದ್ದೋ ಬಡ್ಡಿ ಸಮೇತ ವಸೂಲಿ. ಆದ್ದರಿಂದ ಸ್ಟೂಲಿನ ಮೇಲೆ ಕೂತು ಸ್ನಾನ ಮಾಡಿ. ನೀರು ತೀರಾ ಬಿಸಿ ಬೇಡ. ಅವತ್ತು ಬೇರೆ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ. ಕಷ್ಟ ಇರುವುದು ಮೈ ಹಗುರಾದ ದಿನ! ಬಾಕಿ ಕೆಲಸವೆಲ್ಲಾ ಇವತ್ತೇ ಮುಗಿಸೋಣ ಅನ್ನಿಸುತ್ತದೆ ಅಲ್ವಾ? ಅವತ್ತೇ ಅರ್ಧಕ್ಕೆ ನಿಲ್ಲಿಸಬೇಕು. 'ದಿನಾ ಸ್ವಲ್ಪ ಜಾಸ್ತಿ ನಡೆ, ಶಕ್ತಿ ಬರುತ್ತೆ' ಎಂಬ ಸಲಹೆ ನಿಮ್ಮಂತೆ ಮಾರನೇ ದಿನ ಕುಸಿಯುವವರಿಗೆ ಹೊಂದುವುದಿಲ್ಲ. ಏನು ಮಾಡಿದಿರಿ, ಮುಂದಿನ ಎರಡು ದಿನ ಹೇಗಿದ್ದಿರಿ ಎಂದು ಒಂದು ಸಾಲು ಬರೆದಿಡಿ. ಡಾಕ್ಟರಿಗೆ ಅದೂ ಒಂದು ರಿಪೋರ್ಟೇ.

'ಇದು ಪೂರ್ತಿ ಗೊತ್ತಿಲ್ಲ, ಆದರೂ ನೋಡೋಣ, ಮುಂದಿನ ತಿಂಗಳು ಬನ್ನಿ' ಅನ್ನುವ ಡಾಕ್ಟರು ಸಿಕ್ಕರೆ ಬಿಡಬೇಡಿ. ಗ್ಯಾರಂಟಿ ಕೊಡುವವರಿಂದ ದೂರ ಇರಿ. ಅಂಥವರ ಜಾಹೀರಾತಿಗೆ ಈ ಪತ್ರಿಕೆಯಲ್ಲೂ ಜಾಗ ಕೊಡುವುದಿಲ್ಲ.

ಹಾಗಂತ ಬಂದಿದ್ದೆಲ್ಲವನ್ನೂ ಲಾಂಗ್ ಕೋವಿಡ್ ತಲೆಗೆ ಕಟ್ಟಬೇಡಿ. ಹೊಸದಾಗಿ ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ, ಉಸಿರಾಟ ದಿಢೀರನೆ ಕಷ್ಟವಾದರೆ ನಮ್ಮ ಮುಂದಿನ ಸಂಚಿಕೆಗೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.