ಮೂಳೆ ನೋವಿಗೆ ಡಾಕ್ಟರು ಗೆಡ್ಡೆ ಹುಡುಕುವುದು ಯಾಕೆ?

ವಿಟಮಿನ್ ಡಿ ನುಂಗಿದರೂ ಮೂಳೆ ನೋವು ಹೋಗಿಲ್ಲ, ಈಗ ಗೆಡ್ಡೆಗಾಗಿ ಸ್ಕ್ಯಾನ್ ಬರೆದಿದ್ದಾರೆ, ಯಾಕೆ ಅಂತ ಕೇಳಿದ್ದೀರಿ. ನಿಮ್ಮ ಡಾಕ್ಟರು ಸರಿಯಾದ ದಾರಿಯಲ್ಲೇ ಇದ್ದಾರೆ ಅನಿಸುತ್ತದೆ.

ಬಲು ಅಪರೂಪದ ಗೆಡ್ಡೆಯೊಂದಿದೆ. ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಪಾದದಲ್ಲೋ ತೊಡೆಯಲ್ಲೋ ಮೂಗಿನೊಳಗೋ ಕಡಲೆಕಾಳಿನಷ್ಟೇ ಇದ್ದು, ಇದ್ದ ಜಾಗದಲ್ಲಿ ನೋವೂ ಕೊಡದಿರಬಹುದು. ಆದರೆ ಅದು ಎಫ್‌ಜಿಎಫ್-23 ಎಂಬ ಹಾರ್ಮೋನನ್ನು ಜಾಸ್ತಿ ಸುರಿಸುತ್ತದೆ. ಆಗ ಮೂಳೆಯನ್ನು ಗಟ್ಟಿಯಾಗಿಡುವ ಫಾಸ್ಫೇಟ್ ಎಂಬ ಖನಿಜವನ್ನು ಕಿಡ್ನಿ ಮೂತ್ರದಲ್ಲಿ ಹೊರಹಾಕುತ್ತದೆ. ಮೂಳೆ ಮೆತ್ತಗಾಗಿ ಪಕ್ಕೆಲುಬು, ಸೊಂಟದಲ್ಲಿ ಬಿರುಕು ಬಿಡುತ್ತದೆ. ಮೆಟ್ಟಿಲು ಹತ್ತುವುದೂ ಕಷ್ಟ.

ಎಷ್ಟೋ ಜನರಿಗೆ ಇದು ಸಂಧಿವಾತ, ಇಲ್ಲವೇ ಮನಸ್ಸಿನ ತೊಂದರೆ ಅಂತ ವರ್ಷಗಟ್ಟಲೆ ಚಿಕಿತ್ಸೆ ನಡೆದಿರುತ್ತದೆ. ಬೇಸರದ ವಿಷಯ ಅಲ್ವಾ? ಸುಳಿವು ಸಿಗುವುದು ರಕ್ತದ ಫಾಸ್ಫೇಟ್ ಪರೀಕ್ಷೆಯಲ್ಲಿ. ಕ್ಯಾಲ್ಸಿಯಂ ಸರಿಯಿದೆ ಅಂತ ಅಲ್ಲಿಗೇ ಬಿಡಬಾರದು.

ಗೆಡ್ಡೆ ಹುಡುಕಲು ಗ್ಯಾಲಿಯಂ-68 ಡೋಟಾಟೇಟ್ ಪೆಟ್ ಸ್ಕ್ಯಾನ್ (ಇಂಥ ಗೆಡ್ಡೆಗೆ ಅಂಟುವ ವಿಕಿರಣ ಔಷಧಿ ಚುಚ್ಚಿ ತೆಗೆಯುವ ಸ್ಕ್ಯಾನ್) ಒಳ್ಳೆಯದು. ತಲೆಯಿಂದ ಕಾಲ್ಬೆರಳಿನ ತುದಿವರೆಗೂ ಮಾಡಲು ಹೇಳಿ. ಮಾಮೂಲಿ ಪೆಟ್ ಸ್ಕ್ಯಾನ್ ತೊಡೆಗೇ ನಿಲ್ಲುತ್ತದೆ. ಗೆಡ್ಡೆಯನ್ನು ಪೂರ್ತಿ ತೆಗೆದರೆ ಕೆಲವೇ ದಿನಗಳಲ್ಲಿ ಫಾಸ್ಫೇಟ್ ಏರುತ್ತದೆ. ಮೂಳೆ ಗಟ್ಟಿಯಾಗಲು ತಿಂಗಳುಗಳೇ ಬೇಕು.

ಈಚೆಗೆ ಕಬ್ಬಿಣದ ಡ್ರಿಪ್ ಹಾಕಿಸಿಕೊಂಡಿದ್ದರೆ ಮೊದಲೇ ತಿಳಿಸಿ. ಕೆಲವು ಬಗೆಯ ಡ್ರಿಪ್‌ಗಳಿಂದಲೂ ಫಾಸ್ಫೇಟ್ ಇಳಿಯುತ್ತದೆ.