ಶ್ವಾಸಕೋಶದ ಗಡ್ಡೆ ಕುಗ್ಗಿದರೂ ಮಿದುಳಿನದು ಹಿಗ್ಗಿದಂತೆ ಕಾಣುವುದೇಕೆ?

ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಬಳಸುವ ಇಮ್ಯುನೊಥೆರಪಿಯಿಂದ ನಿಮ್ಮ ತಂದೆಯವರ ಶ್ವಾಸಕೋಶದ ಗಡ್ಡೆ ಕುಗ್ಗಿ, ಮಿದುಳಿನದು ಮಾತ್ರ ತುಸು ಹಿಗ್ಗಿರುವುದಕ್ಕೆ ಬಹುಶಃ ಕಾರಣವೆಂದರೆ, ಮಿದುಳಿಗೆ ಹರಡಿದ ಗಡ್ಡೆಯೊಳಗೆ ಕ್ಯಾನ್ಸರನ್ನು ಕೊಲ್ಲುವ ಟಿ ಕೋಶಗಳು ಸಾಮಾನ್ಯವಾಗಿ ವಿರಳವಾಗಿರುತ್ತವೆ. ಮಿದುಳಿನ ಊತಕ್ಕೆಂದು ಕೊಡುತ್ತಿರುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಇರುವಷ್ಟು ಟಿ ಕೋಶಗಳ ಬಲವನ್ನೂ ಕುಗ್ಗಿಸಬಹುದು. ಹಾಗೆಂದು ಆ ಮಾತ್ರೆಯನ್ನು ನೀವಾಗಿಯೇ ದಯವಿಟ್ಟು ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಪ್ರಾಣಾಪಾಯವಾಗಬಹುದು.

ಗದಗಿನಿಂದ ಹುಬ್ಬಳ್ಳಿಗೆ ತೋರಿಸಲು ಬರುವಾಗ ವರದಿಯಷ್ಟನ್ನೇ ಅಲ್ಲ, ಹಳೆಯ ಮತ್ತು ಹೊಸ ಎಂಆರ್‌ಐಗಳ ಸಿಡಿಗಳನ್ನೂ ತನ್ನಿ. ಪ್ರತಿರಕ್ಷಾ ಕೋಶಗಳು ಒಳನುಗ್ಗಿದಾಗಲೂ ಗಡ್ಡೆ ದೊಡ್ಡದಾಗಿ ಕಾಣುವುದುಂಟು. ಒಂದೇ ಸ್ಕ್ಯಾನ್‌ನಿಂದ ಗಡ್ಡೆ ನಿಜಕ್ಕೂ ಬೆಳೆದಿದೆಯೇ ಎಂದು ಖಚಿತವಾಗಿ ಹೇಳಲಾಗದು. ಬಳಿಕ ಸ್ಟೀರಾಯ್ಡ್ ಪ್ರಮಾಣವನ್ನು ಹಂತಹಂತವಾಗಿ ಇಳಿಸಬಹುದೇ, ಗಡ್ಡೆಗಷ್ಟೇ ಗುರಿಯಿಟ್ಟ ವಿಕಿರಣ ಚಿಕಿತ್ಸೆ ಸಾಧ್ಯವೇ ಎಂದು ವೈದ್ಯರನ್ನು ಕೇಳಿ. ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನ್‌ಗಳ ಪರೀಕ್ಷೆಗಳಾಗಿವೆಯೇ ಎಂಬುದನ್ನು ಮರೆಯದೆ ವಿಚಾರಿಸಿ, ಏಕೆಂದರೆ ಗಡ್ಡೆಯ ಆ ಜೀನ್‌ಗಳಲ್ಲಿ ಬದಲಾವಣೆಗಳಿದ್ದರೆ ಮಿದುಳನ್ನು ತಲುಪಬಲ್ಲ ಮಾತ್ರೆಗಳಿವೆ. ಈ ನಡುವೆ ವಾಂತಿ, ಫಿಟ್ಸ್ ಅಥವಾ ಮಂಪರು ಕಂಡರೆ ಹುಬ್ಬಳ್ಳಿಗೆ ಬರುವ ದಿನದವರೆಗೆ ಕಾಯದೆ ಹತ್ತಿರದ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.