ಡಿಕಾಕ್ಷನ್ ಇಳಿಯೋ ಹೊತ್ತಲ್ಲಿ ಅರ್ಧ ಮಾಲೆ ಜಪ

ಪ್ರಶ್ನೆ: ಅಕ್ಕಾ ನಮಸ್ಕಾರ. ನಂಗೆ 36 ವರ್ಷ, ಮನೆ ವಿಜಯನಗರ, ಆಫೀಸು ಮಾರತ್ತಹಳ್ಳಿ ಹತ್ರ ಔಟರ್ ರಿಂಗ್ ರೋಡಲ್ಲಿ. ಬೆಳಿಗ್ಗೆ ಮಗೂನ ಸ್ಕೂಲಿಗೆ ಕಳ್ಸಿ ಹೊರಟ್ರೆ ಮನೆ ಸೇರೋದು ಏಳೂವರೆ, ಊಟ ಮುಗಿಸಿ ಒಂಬತ್ತೂವರೆಗೆ ಮತ್ತೆ ಅಮೆರಿಕಾ ಟೀಮ್ ಜೊತೆ ಕಾಲ್. ಈಗ ಮೂರು ತಿಂಗಳಿಂದ ರಾತ್ರಿ ಎರಡು ಗಂಟೆಗೆ ಎಚ್ಚರ ಆಗಿಬಿಡುತ್ತೆ, ಎದೆ ಢವಢವ ಅನ್ನುತ್ತೆ, ಬೆಳಿಗ್ಗೆ ಎದ್ದಾಗ್ಲೇ ಸುಸ್ತು. ಡಾಕ್ಟ್ರು ಬಿಪಿ, ಥೈರಾಯ್ಡ್, ಇಸಿಜಿ ಎಲ್ಲಾ ನೋಡಿ ಏನೂ ಇಲ್ಲ, ಸ್ಟ್ರೆಸ್ಸು, ದಿನಾ ಸ್ವಲ್ಪ ಧ್ಯಾನ ಮಾಡಿ ಅಂದ್ರು. ಮೊಬೈಲಲ್ಲಿ ಒಂದು ಆ್ಯಪ್ ಹಾಕ್ಕೊಂಡು ಓಂಕಾರ ಕೇಳ್ತಾ ಕೂತೆ, ನಾಲ್ಕು ದಿನ ಅಷ್ಟೇ ಆಗಿದ್ದು. ಕಣ್ಣು ಮುಚ್ಚಿದ್ರೆ ಅವತ್ತಿನ ಮೀಟಿಂಗು, ಕಟ್ಟಬೇಕಾದ ಇಎಂಐ, ನಾಳೆ ತಿಂಡಿಗೆ ಏನು, ಇದೇ ಓಡುತ್ತೆ. ನನ್ ಕೈಲಾಗಲ್ಲ ಅನ್ಸಿ ಬಿಟ್ಟೆ. ಯಾವ ಮಂತ್ರ ಹೇಳ್ಬೇಕು, ಗುರುಗಳಿಂದ ಉಪದೇಶ ಆಗಿರಲೇಬೇಕಾ, ಸ್ನಾನ ಆಗ್ದೆ ಮಾಡ್ಬೋದಾ, ತಿಂಗಳ ಆ ದಿನಗಳಲ್ಲಿ ಮಾಡ್ಬೋದಾ (ಅತ್ತೆ ಬೇಡ ಅಂತಾರೆ), ಎಷ್ಟ್ ಹೊತ್ತು ಕೂರ್ಬೇಕು, ದಯವಿಟ್ಟು ಹೇಳಿ.
— ಹೆಸರು ಬೇಡ, ವಿಜಯನಗರ

ಉತ್ತರ: ನಿಮ್ಮ ಪತ್ರದಲ್ಲಿ ನಂಗೆ ತುಂಬಾ ಬೇಜಾರಾಗಿದ್ದು ಎದೆ ಢವಢವಕ್ಕಿಂತ "ನನ್ ಕೈಲಾಗಲ್ಲ" ಅನ್ನೋ ಮಾತು. ನಾಲ್ಕು ದಿನ ಕೂತ್ರಲ್ಲ, ಆ ನಾಲ್ಕು ದಿನಾನೂ ನೀವು ಸರಿಯಾಗೇ ಮಾಡಿದೀರ, ಅದನ್ನ ನಿಮಗೆ ಯಾರೂ ಹೇಳಿಲ್ಲ ಅಷ್ಟೆ. ಮನಸ್ಸು ಓಡಿಹೋಯ್ತು ಅಂತ ನಿಮಗೆ ಗೊತ್ತಾಯ್ತಲ್ವಾ, ಆಮೇಲೆ ಮತ್ತೆ ಓಂಕಾರಕ್ಕೆ ವಾಪಸ್ ಬಂದ್ರಲ್ವಾ, ಜಪ ಅಂದ್ರೆ ಅಷ್ಟೇನೇ. ಹತ್ತು ನಿಮಿಷದಲ್ಲಿ ಐವತ್ತು ಸಲ ಓಡಿಹೋಗಿ ಐವತ್ತು ಸಲ ವಾಪಸ್ ಬಂದ್ರೆ ಐವತ್ತು ಸಲ ಅಭ್ಯಾಸ ಆಯ್ತು ಅಂತ ಲೆಕ್ಕ ಹಾಕ್ಕೊಳಿ.

ಇದು ಈಗಿನ ಕಾಲದ ಮೊಬೈಲಿಂದ ಬಂದ ಕಾಯಿಲೆ ಅಂದ್ಕೋಬೇಡಿ. ಪತಂಜಲಿ ಯೋಗಸೂತ್ರದ ಮೊದಲನೇ ಪಾದದಲ್ಲಿ ಓಂಕಾರದ ಜಪ ಹೇಳಿ, ಅದರ ಹಿಂದೆನೇ ಸಾಧನೆಗೆ ಅಡ್ಡ ಬರೋ ಒಂಬತ್ತು ವಿಘ್ನಗಳನ್ನ ಪಟ್ಟಿ ಮಾಡಿದಾರೆ. ಕಾಯಿಲೆ, ಜಡ್ಡುಗಟ್ಟೋದು, ಸಂಶಯ, ಆಲಸ್ಯ ಇವೆಲ್ಲಾ ಇವೆ. ಒಂಬತ್ತನೇದು ಅನವಸ್ಥಿತತ್ವ, ಅಂದ್ರೆ ಸಿಕ್ಕಿದ ನೆಲೇಲಿ ನಿಲ್ಲಕ್ಕಾಗ್ದೆ ಇರೋದು. ಇಎಂಐ ಇಲ್ಲದ ಕಾಲದಲ್ಲೂ ಕಣ್ಣು ಮುಚ್ಚಿದೋರಿಗೆಲ್ಲಾ ಇದೇ ಆಗ್ತಿತ್ತು ಅಂತಾಯ್ತು.

ಅಮೆರಿಕಾದ ಹಾರ್ವರ್ಡಲ್ಲಿ ಹರ್ಬರ್ಟ್ ಬೆನ್ಸನ್ ಅಂತ ಒಬ್ಬರು ಹೃದಯದ ಡಾಕ್ಟ್ರಿದ್ರು. ಮಹರ್ಷಿ ಮಹೇಶ್ ಯೋಗಿಗಳ ಪದ್ಧತೀಲಿ ಮಂತ್ರಧ್ಯಾನ ಮಾಡೋರನ್ನ 1970ರ ಸುಮಾರಲ್ಲಿ ಕೂರಿಸಿ ಪರೀಕ್ಷೆ ಮಾಡಿದ್ರು, ಆ ಹೊತ್ತಲ್ಲಿ ಅವರ ಮೈ ಆಮ್ಲಜನಕ ಬಳಸೋದು ಕಮ್ಮಿ ಆಗ್ತಿತ್ತು, ಉಸಿರು ನಿಧಾನ ಆಗ್ತಿತ್ತು. ಗಾಬರಿಯಾದಾಗ ಮೈಗೆ ಏನೇನಾಗುತ್ತೋ ಅದರ ಉಲ್ಟಾ. ಅದಕ್ಕೆ ಅವರು ರಿಲ್ಯಾಕ್ಸೇಷನ್ ರೆಸ್ಪಾನ್ಸ್ ಅಂತ ಹೆಸರಿಟ್ಟು 1975ರಲ್ಲಿ ಪುಸ್ತಕಾನೂ ಬರೆದ್ರು. ಅವರು ಕಂಡುಕೊಂಡ ಪ್ರಕಾರ ಇದಕ್ಕೆ ಬೇಕಾಗಿರೋದು ಮುಖ್ಯವಾಗಿ ಎರಡೇ, ಒಂದು ಪದಾನೋ ಶಬ್ದಾನೋ ಪದೇ ಪದೇ ಹೇಳೋದು, ಬೇರೆ ಯೋಚನೆ ಬಂದಾಗ ಅದರ ಜೊತೆ ಗುದ್ದಾಡದೆ "ಆಯ್ತು ಬಿಡು" ಅಂತ ಮತ್ತೆ ಆ ಪದಕ್ಕೆ ಬರೋದು. ಈ "ಆಯ್ತು ಬಿಡು" ಅನ್ನೋದನ್ನ ನೀವು ಕಲೀಬೇಕು, ಯಾಕಂದ್ರೆ ನಿಮ್ಮ ಪತ್ರ ಓದಿದ್ರೆ ನೀವು ಧ್ಯಾನಾನೂ ಆಫೀಸ್ ಟಾರ್ಗೆಟ್ ಥರ ಮಾಡಕ್ಕೆ ಹೋಗಿದೀರ ಅನ್ಸುತ್ತೆ.

ಯಾವ ಮಂತ್ರ ಅಂದ್ರಿ. ನಿಮ್ಮ ನಾಲಿಗೆಗೆ ಆಗ್ಲೇ ಗೊತ್ತಿರೋದನ್ನೇ ಹಿಡ್ಕೊಳಿ. ಚಿಕ್ಕವರಿದ್ದಾಗ ಅಜ್ಜಿ ದೀಪ ಹಚ್ಚೋವಾಗ ಏನು ಹೇಳ್ತಿದ್ರು, ಗುಡುಗು ಬಂದಾಗ ಅಮ್ಮ ಏನು ಹೇಳ್ಕೊಡ್ತಿದ್ರು, ನೆನಪು ಮಾಡ್ಕೊಳಿ. ಓಂ ನಮಃ ಶಿವಾಯ ಇರ್ಬೋದು, ಓಂ ನಮೋ ನಾರಾಯಣಾಯ ಇರ್ಬೋದು, ಬರೀ ರಾಮ ರಾಮ ಇರ್ಬೋದು. ಚಿಕ್ಕದಿರ್ಲಿ, ಒಂದು ಉಸಿರಲ್ಲಿ ಆರಾಮಾಗಿ ಮುಗಿಯೋ ಹಂಗಿರ್ಲಿ, ಆರಿಸ್ಕೊಂಡ ಮೇಲೆ ವಾರಕ್ಕೊಂದು ಬದಲಾಯಿಸ್ಬೇಡಿ. ಯೂಟ್ಯೂಬಲ್ಲಿ ದುಡ್ಡಿಗೊಂದು ಮಂತ್ರ, ನಿದ್ದೆಗೊಂದು ಮಂತ್ರ, ಶತ್ರುಕಾಟಕ್ಕೊಂದು ಮಂತ್ರ ಅಂತ ಬರ್ತಾ ಇರುತ್ತಲ್ಲ, ದಯವಿಟ್ಟು ಆ ಕಡೆ ಹೋಗ್ಬೇಡಿ, ಭಯದಲ್ಲಿರೋರಿಗೆ ಅವು ಇನ್ನಷ್ಟು ಭಯ ಹುಟ್ಟಿಸುತ್ವೆ. ಉಪದೇಶದ ಬಗ್ಗೆ ಹೇಳೋದಾದ್ರೆ, ಗಾಯತ್ರಿ, ಬೀಜಮಂತ್ರಗಳು ಇಂಥದ್ದನ್ನೆಲ್ಲಾ ಸಂಪ್ರದಾಯದಲ್ಲಿ ಗುರುಗಳಿಂದಲೇ ತಗೋತಾರೆ, ನಿಮಗೂ ಹಂಗೆ ತಗೋಬೇಕು ಅನ್ಸಿದ್ರೆ ನಿಮ್ಮ ಮನೆತನದ ಮಠದಲ್ಲೋ ನಿಮಗೆ ನಂಬಿಕೆ ಇರೋ ಕಡೆನೋ ಕೇಳಿ. ಆದ್ರೆ ನಾಮಜಪಕ್ಕೆ ಯಾರ ಪರ್ಮಿಷನ್ನೂ ಬೇಡ.

ಸ್ನಾನ, ಮೈಲಿಗೆ, ತಿಂಗಳ ದಿನಗಳು. ನಾನು ನೇರವಾಗಿ ಹೇಳ್ತೀನಿ, ಪೂಜೆಗೆ ನಿಮ್ಮ ಮನೇಲಿ ಏನು ಪದ್ಧತಿ ಇದ್ಯೋ ಅದು ನಿಮಗೂ ನಿಮ್ಮ ಅತ್ತೆಗೂ ಬಿಟ್ಟಿದ್ದು. ಮನಸ್ಸಲ್ಲಿ ನಾಮ ಹೇಳ್ಕೊಳಕ್ಕೆ ಹೊತ್ತು ಗೊತ್ತು, ಮಡಿ ಮೈಲಿಗೆ ಏನೂ ಇಲ್ಲ ಅಂತ ಹಿರಿಯರೇ ಹೇಳ್ಕೊಂಡು ಬಂದಿದಾರೆ. ಆ ಮೂರ್ನಾಲ್ಕು ದಿನ ಮೈಗೂ ಮನಸ್ಸಿಗೂ ಹೆಚ್ಚು ಕಷ್ಟ ಇರುತ್ತೆ, ಆಗಲೇ ಬಿಡು ಅಂದ್ರೆ ಹೆಂಗೆ? ದೇವರ ಮನೆಗೆ ಹೋಗದಿದ್ರೆ ಬೇಡ, ಹಾಸಿಗೆ ಮೇಲೇ ಕೂತ್ಕೊಂಡು ಹೇಳಿ. ಅತ್ತೆಗೆ ಇದು ಪೂಜೆ ಅಲ್ಲ, ಡಾಕ್ಟ್ರು ಹೇಳಿರೋದು ಅನ್ನಿ, ಒಪ್ಕೊಳ್ತಾರೆ.

ಈಗ ಹೊತ್ತು. ಬ್ರಾಹ್ಮೀ ಮುಹೂರ್ತಕ್ಕೆ ಏಳಿ ಅಂತ ನಾನು ಹೇಳಲ್ಲ, ರಾತ್ರಿ ಹನ್ನೊಂದರ ತನಕ ಕಾಲ್‌ನಲ್ಲಿರೋ ಹೆಂಗಸಿಗೆ ನಾಲ್ಕೂವರೆಗೆ ಏಳಿ ಅನ್ನೋದು ಅನ್ಯಾಯ, ನಿದ್ದೆ ಕಡಿಮೆ ಮಾಡ್ಕೊಂಡು ಜಪ ಮಾಡ್ಬೇಡಿ. ನಿಮ್ಮ ಮನೇಲಿ ಫಿಲ್ಟರ್ ಕಾಫಿ ಮಾಡ್ತೀರಾ? ಮಾಡ್ತೀರ ಅಂತಲೇ ಅಂದ್ಕೊಂಡು ಬರೀತಿದೀನಿ. ಫಿಲ್ಟರಿಗೆ ಪುಡಿ ಹಾಕಿ, ಕುದಿಯೋ ನೀರು ಹುಯ್ದು ಮುಚ್ಚಳ ಮುಚ್ಚಿದ ಮೇಲೆ ಡಿಕಾಕ್ಷನ್ ಇಳಿಯಕ್ಕೆ ಹತ್ತು ಹದಿನೈದು ನಿಮಿಷ ಬೇಕೇ ಬೇಕು. ನಾವೆಲ್ಲಾ ಆ ಹೊತ್ತಲ್ಲಿ ಏನ್ ಮಾಡ್ತೀವಿ, ಮೊಬೈಲ್ ತಗೊಂಡು ರಾತ್ರಿ ಬಂದಿರೋ ಮೆಸೇಜು, ಮೇಲು ನೋಡ್ತೀವಿ, ದಿನದ ಗಾಬರಿ ಅಲ್ಲೇ ಶುರು. ಆ ಹತ್ತು ನಿಮಿಷಾನ ನನಗೆ ಕೊಡಿ. ಮೊಬೈಲು ರೂಮಲ್ಲೇ ಇರ್ಲಿ, ಅಡುಗೆಮನೇಲೇ ಒಂದು ಮಣೆನೋ ಸ್ಟೂಲೋ ಹಾಕ್ಕೊಂಡು ಬೆನ್ನು ನೇರ ಮಾಡಿ ಕೂತ್ಕೊಳಿ. ಚಕ್ಕಳಮಕ್ಕಳ ಹಾಕಕ್ಕಾಗದಿದ್ರೆ ಕಾಲು ಕೆಳಗೆ ಬಿಟ್ಕೊಂಡೇ ಕೂರಿ. ಪಕ್ಕದ ಮನೆ ಮೋಟರ್ ಸದ್ದು, ನೀರಿನ ಟ್ಯಾಂಕರ್ ರಿವರ್ಸ್ ತಗೊಳ್ಳೋ ಸದ್ದು, ಕುಕ್ಕರ್ ಸೀಟಿ ಎಲ್ಲಾ ಇರುತ್ತೆ, ಇರ್ಲಿ, ಬೆಂಗಳೂರಲ್ಲಿ ಸದ್ದೇ ಇಲ್ಲದ ಹೊತ್ತಿಗೆ ಕಾಯ್ತಾ ಕೂತ್ರೆ ನಾವು ಯಾವತ್ತೂ ಶುರು ಮಾಡಲ್ಲ.

ಮೊದಲು ಒಂದು ವಾರ ಬಾಯಿಬಿಟ್ಟು, ನಿಮಗೆ ಕೇಳಿಸೋ ಅಷ್ಟು ಸಣ್ಣ ದನೀಲಿ ಹೇಳಿ. ಇದನ್ನ ವಾಚಿಕ ಅಂತಾರೆ. ಆಮೇಲೆ ತುಟಿ ಮಾತ್ರ ಅಲ್ಲಾಡ್ಬೇಕು, ಪಕ್ಕದೋರಿಗೆ ಕೇಳಿಸ್ಬಾರ್ದು, ಅದು ಉಪಾಂಶು. ಕೊನೇದು ಮಾನಸಿಕ, ತುಟಿನೂ ಅಲ್ಲಾಡಲ್ಲ. ಶಾಸ್ತ್ರದಲ್ಲಿ ಮಾನಸಿಕಾನೇ ಶ್ರೇಷ್ಠ ಅಂತ ಹೇಳಿದೆ ನಿಜ, ಆದ್ರೆ ಶುರುಗೇ ಅಲ್ಲಿಗೆ ಹಾರಿದ್ರೆ ಮನಸ್ಸಿಗೆ ಹಿಡ್ಕೊಳಕ್ಕೆ ಏನೂ ಇರಲ್ಲ, ಮೀಟಿಂಗಿಗೆ ಓಡುತ್ತೆ. ನಿಮಗೆ ಆಗಿದ್ದು ಅದೇ ಇರ್ಬೇಕು, ನೀವು ಆ್ಯಪ್ ಹಾಕಿ ಬರೀ ಕೇಳ್ತಾ ಕೂತ್ರಿ, ನಿಮ್ಮ ಬಾಯಿಗೂ ಉಸಿರಿಗೂ ಕೆಲಸಾನೇ ಇರ್ಲಿಲ್ಲ.

ಉಸಿರಿನ ವಿಷಯ ಬಂತಲ್ಲ, ಇದು ನಂಗೆ ತುಂಬಾ ಇಷ್ಟವಾದ ಸಂಗತಿ. 2001ರಲ್ಲಿ ಇಟಲಿಯ ಲುಚಿಯಾನೊ ಬರ್ನಾರ್ಡಿ ಅನ್ನೋ ಡಾಕ್ಟ್ರು ಮತ್ತೆ ಅವರ ಜೊತೆಯವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟ ಮಾಡಿದ್ರು. 23 ಜನ ಆರೋಗ್ಯವಂತರ ಹತ್ರ ಕ್ರೈಸ್ತರು ಜಪಸರ ಹಿಡ್ಕೊಂಡು ಹೇಳೋ ಆವೆ ಮರಿಯಾ ಪ್ರಾರ್ಥನೆನ ಲ್ಯಾಟಿನಲ್ಲಿ ಹೇಳಿಸಿದ್ರು, ಬೌದ್ಧರ ಓಂ ಮಣಿ ಪದ್ಮೇ ಹುಂ ಮಂತ್ರಾನೂ ಹೇಳಿಸಿದ್ರು. ಎರಡರಲ್ಲೂ ಉಸಿರಾಟ ತಾನಾಗೇ ನಿಮಿಷಕ್ಕೆ 6ರ ಹತ್ರ ಬಂತು! ನಾವು ಸುಮ್ನೆ ಕೂತಾಗ 12ರಿಂದ 20 ಸಲ ಉಸಿರಾಡ್ತೀವಿ. ನಿಮಿಷಕ್ಕೆ ಆರರ ಆ ಲಯದಲ್ಲಿ ಎದೆಬಡಿತಾನೂ ಬಿಪಿನೂ ಒಂದಕ್ಕೊಂದು ತಾಳ ಕೂಡಿಸ್ಕೊಳ್ಳೋ ವ್ಯವಸ್ಥೆ ಚುರುಕಾಗುತ್ತೆ ಅಂತ ಅವರು ಕಂಡ್ಕೊಂಡ್ರು. ಬೇರೆ ಬೇರೆ ದೇಶ, ಬೇರೆ ಬೇರೆ ದೇವರು, ಎಷ್ಟೋ ನೂರು ವರ್ಷದಿಂದ ಮಣಿ ಎಣಿಸ್ತಾ ಬಂದೋರು ಹೆಚ್ಚೂಕಮ್ಮಿ ಒಂದೇ ಉಸಿರಿನ ಲಯಕ್ಕೆ ಬಂದು ಸೇರಿದಾರೆ ಅಂದ್ರೆ ನಂಗೆ ಈಗ್ಲೂ ಮೈ ಜುಂ ಅನ್ನುತ್ತೆ. ಹಾಗಾಗಿ ಮಂತ್ರಾನ ಉಸಿರು ಬಿಡ್ತಾ ಹೇಳಿ, ನಿಧಾನವಾಗಿ, ಕೊನೆ ಅಕ್ಷರ ಸ್ವಲ್ಪ ಎಳೀರಿ. ಉಸಿರು ಬಲವಂತವಾಗಿ ಹಿಡಿಯೋದೆಲ್ಲಾ ಬೇಡ.

ಲೆಕ್ಕ ನೋಡಿ ಈಗ. ನಿಮಿಷಕ್ಕೆ ಆರು ಉಸಿರು, ಉಸಿರಿಗೊಂದು ಮಂತ್ರ ಅಂದ್ರೆ 108 ಮಣಿಯ ಒಂದು ಮಾಲೆಗೆ 18 ನಿಮಿಷ, ಅರ್ಧ ಮಾಲೆ ಅಂದ್ರೆ 54 ಮಣಿಗೆ 9 ನಿಮಿಷ. ಅಷ್ಟೊತ್ತಿಗೆ ಡಿಕಾಕ್ಷನ್ ಇಳಿದಿರುತ್ತೆ. ಮಾಲೆ ಇರಲೇಬೇಕು ಅಂತಿಲ್ಲ, ಆದ್ರೆ ಇದ್ರೆ ಟೈಮ್ ನೋಡಕ್ಕೆ ಮೊಬೈಲ್ ಮುಟ್ಟೋದು ತಪ್ಪುತ್ತೆ, ಮತ್ತೆ ಮನಸ್ಸು ಓಡಿದ್ರೂ ಬೆರಳಿಗೆ ಮಣಿ ಸಿಗ್ತಾ ಇರುತ್ತೆ, ಅದೇ ವಾಪಸ್ ಕರೆಯುತ್ತೆ. ಗಾಂಧಿ ಬಜಾರಿಗೆ ಹೋದಾಗ ಒಂದು ಸಾದಾ ತುಳಸಿ ಮಾಲೆ ತಗೊಳಿ, ದುಬಾರಿ ಸ್ಫಟಿಕ ಏನೂ ಬೇಡ. ಮಧ್ಯದ ಬೆರಳ ಮೇಲೆ ಇಟ್ಕೊಂಡು ಹೆಬ್ಬೆರಳಲ್ಲಿ ಎಳೀರಿ, ತೋರುಬೆರಳು ಮುಟ್ಟಿಸಲ್ಲ. ಪೂರ್ತಿ ಒಂದು ಸುತ್ತು ಆದಾಗ ದೊಡ್ಡ ಮಣಿ ಸಿಗುತ್ತಲ್ಲ, ಮೇರು, ಅದನ್ನ ದಾಟದೆ ತಿರುಗಿಸ್ಕೊಂಡು ಮತ್ತೆ ಶುರು ಮಾಡೋದು ಪದ್ಧತಿ.

ಒಂದಿನ ತಪ್ಪಿದ್ರೆ? ತಪ್ಪುತ್ತೆ, ಮಗೂಗೆ ಜ್ವರ ಬರುತ್ತೆ, ನೆಂಟರು ಬರ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಲ್ಲಿ ಹೊಸ ಅಭ್ಯಾಸ ಮೈಗೂಡಕ್ಕೆ ಎಷ್ಟು ದಿನ ಬೇಕು ಅಂತ ನೋಡಿದ್ರು, ಕೆಲವರಿಗೆ 18 ದಿನ ಸಾಕಾಯ್ತು, ಕೆಲವರಿಗೆ ಅಂದಾಜು 254 ದಿನ ಬೇಕು ಅಂತ ಲೆಕ್ಕ ಬಂತು, ನಡುಮಧ್ಯದ ಅಂಕಿ 66. ಮಧ್ಯೆ ಒಂದಿನ ಬಿಟ್ಟಿದ್ರಿಂದ ಅಂಥ ನಷ್ಟ ಏನೂ ಆಗ್ಲಿಲ್ಲ. ನಾಲ್ಕೇ ದಿನಕ್ಕೆ ನಿಮ್ಮ ಬಗ್ಗೆ ನೀವು ತೀರ್ಪು ಕೊಟ್ಬಿಟ್ರಲ್ಲ, ಅದಕ್ಕೇ ಇದನ್ನ ಬರೆದೆ.

ರಾತ್ರಿ ಎರಡಕ್ಕೆ ಎಚ್ಚರ ಆದಾಗ್ಲೂ ಮಾಲೆ ಹುಡುಕಕ್ಕೆ ಏಳಬೇಡಿ, ಗಡಿಯಾರಾನೂ ನೋಡ್ಬೇಡಿ, ಮಲಗಿರೋ ಹಂಗೇ ಅದೇ ಮಂತ್ರ ಉಸಿರಿಗೊಂದರಂತೆ. ಅಪ್ಪ ಆಸ್ಪತ್ರೇಲಿದ್ದಾಗ ಐಸಿಯು ಹೊರಗೆ ಕಬ್ಬಿಣದ ಕುರ್ಚಿ ಮೇಲೆ ಹನ್ನೊಂದು ರಾತ್ರಿ ನಾನು ಕಳೆದಿದ್ದು ಹಿಂಗೇ, ದಿನಾ ಬೆಳಿಗ್ಗೆ ಮಾಡಿದ್ದ ಅಭ್ಯಾಸ ಅವತ್ತು ತಾನಾಗೇ ಕೈ ಹಿಡೀತು.

ಇನ್ನೊಂದು ಮಾತು, ಜಪ ಶುರು ಆಯ್ತು ಅಂತ ರಾತ್ರಿ ಕಾಲ್‌ನ ಒಪ್ಕೊಂಡು ಸುಮ್ನಿರಬೇಡಿ. ವಾರದಲ್ಲಿ ಎರಡು ದಿನ ಆದ್ರೂ ಕಾಲ್ ಬೇರೆಯವರು ತಗೊಳ್ಳಲಿ ಅಂತ ಮ್ಯಾನೇಜರ್ ಹತ್ರ ಮಾತಾಡಿ. ಮನಸ್ಸು ಸ್ವಲ್ಪ ತಣ್ಣಗಿದ್ದಾಗ ಆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳದೆ ಹೊರಗೆ ಬರುತ್ತೆ.

ಪ್ರಶ್ನೆ: ಮೇಡಂ, ನಾನು ಪಿಜಿಲಿರೋ ಹುಡುಗ, ದೇವರ ಮೇಲೆ ನಂಬಿಕೆ ಇಲ್ಲ. ಆದ್ರೆ ಟೆನ್ಷನ್ ಜಾಸ್ತಿ ಇದೆ. ನಂಬಿಕೆ ಇಲ್ಲದೆ ಮಂತ್ರ ಹೇಳಿದ್ರೆ ನಾಟಕ ಆಗಲ್ವಾ?
— ಮಹದೇವಪುರ

ಉತ್ತರ: ಆಗಲ್ಲಪ್ಪ. ನಿಂಗೆ ನಂಬಿಕೆ ಇಲ್ಲದ ಮಾತನ್ನ ಹೇಳು ಅಂತ ನಾನು ಹೇಳಲ್ಲ, ನಿಂಗೆ ನಿಜ ಅನ್ಸೋ ಒಂದು ಪದ ತಗೋ. ಶಾಂತಿ, ಸಮಾಧಾನ, ಅಮ್ಮ, ಯಾವ್ದಾದ್ರೂ ಸರಿ. ಇಸ್ರೇಲಿನ ವಿಜ್ಞಾನಿಗಳು 2015ರಲ್ಲಿ ಪ್ರಕಟ ಮಾಡಿದ ಅಧ್ಯಯನದಲ್ಲಿ ಧ್ಯಾನದ ಅಭ್ಯಾಸವೇ ಇಲ್ಲದವರನ್ನ ಸ್ಕ್ಯಾನ್ ಮಷೀನಲ್ಲಿ ಮಲಗಿಸಿ ಎಖಾದ್ ಅನ್ನೋ ಹೀಬ್ರೂ ಪದಾನ ಮನಸ್ಸಲ್ಲೇ ಹೇಳ್ಕೊಳಿ ಅಂದ್ರು, ಅದರ ಅರ್ಥ "ಒಂದು" ಅಂತ, ಅಷ್ಟೆ. ಆಗ ಮಿದುಳಿನ ಬಹಳಷ್ಟು ಭಾಗದಲ್ಲಿ ಚಟುವಟಿಕೆ ಇಳೀತು, ಅದರಲ್ಲೂ ನಾವು ಸುಮ್ನೆ ಕೂತಾಗ "ನಂಗೆ ಹಂಗಾಯ್ತು, ಹಿಂಗಾದ್ರೆ" ಅಂತ ಕೊರೀತಾ ಇರುತ್ತಲ್ಲ, ಆ ಜಾಲ. ಪರ್ಪಲ್ ಲೈನ್ ಮೆಟ್ರೋ ಹತ್ತಿದ ಮೇಲೆ ಎಂಟು ಹತ್ತು ಸ್ಟೇಷನ್ ತನಕ ಇಯರ್‌ಫೋನ್ ತೆಗೆದಿಟ್ಟು ಮಾಡಿ ನೋಡು. ಬೈಕ್ ಓಡಿಸೋವಾಗ ಮಾತ್ರ ಬೇಡ್ವೇ ಬೇಡ.

ಪ್ರಶ್ನೆ: ಗಂಡ ತೀರಿಹೋಗಿ ಎಂಟು ತಿಂಗಳಾಯ್ತು. ಮಗಳು ಹೇಳಿದ್ಲು ಅಂತ ಜಪಕ್ಕೆ ಕೂರ್ತೀನಿ, ಕಣ್ಣು ಮುಚ್ಚಿದ ತಕ್ಷಣ ಅಳು ಬರುತ್ತೆ, ಕೆಲವು ಸಲ ಭಯ ಆಗಿ ಬೆವರುತ್ತೆ. ನಾನೇನಾದ್ರೂ ತಪ್ಪು ಮಾಡ್ತಿದೀನಾ ತಾಯಿ?
— ಜಯನಗರ

ಉತ್ತರ: ಇಲ್ಲಮ್ಮ, ನೀವೇನೂ ತಪ್ಪು ಮಾಡ್ತಿಲ್ಲ. ದಿನವಿಡೀ ಕೆಲಸ, ಟಿವಿ, ಮಾತು ಅಂತ ತಡ್ಕೊಂಡಿದ್ದು ಕಣ್ಣು ಮುಚ್ಚಿದಾಗ ಮೇಲೆ ಬರುತ್ತೆ. ಅಳು ಬಂದ್ರೆ ಅಳಿ, ಅಳು ನಿಂತ ಮೇಲೆ ಮಾಲೆ ಮತ್ತೆ ತಗೊಂಡ್ರಾಯ್ತು. ಆದ್ರೆ ಭಯ ಆಗಿ ಬೆವರೋದು ಬೇರೆ. ಧ್ಯಾನಕ್ಕೆ ಕೂತಾಗ ಕೆಲವರಿಗೆ ಆತಂಕ ಹೆಚ್ಚಾಗೋದುಂಟು, ಇದನ್ನ ಮುಚ್ಚಿಡಬಾರ್ದು. ಸದ್ಯಕ್ಕೆ ಕಣ್ಣು ಮುಚ್ಚಬೇಡಿ. ದೀಪ ನೋಡ್ತಾನೋ, ಬಾಲ್ಕನೀಲಿ ಗಿಡಗಳನ್ನ ನೋಡ್ತಾನೋ ಜೋರಾಗಿ ದನಿಬಿಟ್ಟು ಹೇಳಿ, ಐದೇ ನಿಮಿಷ ಸಾಕು. ಇಲ್ದಿದ್ರೆ ಬೆಳಿಗ್ಗೆ ಲಾಲ್‌ಬಾಗಲ್ಲಿ ಹೆಜ್ಜೆಗೊಂದು ನಾಮ ಹೇಳ್ತಾ ನಡೀರಿ, ಜೊತೆಗೆ ಯಾರಾದ್ರೂ ಇರ್ಲಿ. ಹಂಗೆ ಮಾಡಿದ್ರೂ ಎರಡು ವಾರದಲ್ಲಿ ಭಯ ಇಳೀದಿದ್ರೆ, ಊಟ ನಿದ್ದೆ ಕೆಟ್ಟಿದ್ರೆ ಮಗಳನ್ನ ಕರ್ಕೊಂಡು ಡಾಕ್ಟ್ರ ಹತ್ರ ಹೋಗಿ, ನಮ್ಮೂರಲ್ಲೇ ನಿಮ್ಹಾನ್ಸ್ ಇದೆ. ಮಾತ್ರೆ ಬರೆದುಕೊಟ್ರೆ ಸಂಕೋಚ ಇಲ್ಲದೆ ತಗೊಳಿ, ಜಪಾನೂ ಮಾತ್ರೆನೂ ಜೊತೆಜೊತೆಗೆ ನಡೆಯುತ್ತೆ. ಬದುಕೇ ಬೇಡ ಅನ್ನೋ ಯೋಚನೆ ಒಂದು ಸಲ ಸುಳಿದ್ರೂ ಎರಡು ವಾರ ಅಂತ ಕಾಯ್ಬೇಡಿ, ಆಗಿಂದಾಗ್ಲೇ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡ್ಬೋದು, ಕನ್ನಡದಲ್ಲೇ ಮಾತಾಡ್ತಾರೆ. ಎರಡು ತಿಂಗಳಾದ್ಮೇಲೆ ನಂಗೆ ಮತ್ತೆ ಪತ್ರ ಬರೀರಿ.